ಉಬುಂಟು 22.04ರಿಂದ 24.04ಕ್ಕೆ ಏರಿಸಿದ ಮ್ಯಾಲ ವೈಫೈ, ಬೆಳಕಿನ ಕೀಲಿ, ಪ್ರಿಂಟರ್ ಮೂರೂ ನಿಂತಾವ

ಶಹಾಬಾದಿ_ಕಲ್ಲು (ಕಲಬುರಗಿ)

ಎಲ್ಲರಿಗೂ ಶರಣಾರ್ಥಿರಿ. ಝೆರಾಕ್ಸ್ ಅಂಗಡಿ ಲ್ಯಾಪ್‌ಟಾಪ್ ಉಬುಂಟು (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್) 22.04ದಾಗ ನಡೀತಿತ್ತು. ನಿನ್ನೆ ರಾತ್ರಿ ಡು-ರಿಲೀಸ್-ಅಪ್‌ಗ್ರೇಡ್ ಕೊಟ್ಟು 24.04ಕ್ಕ ಏರಿಸೀನಿ. ನಡುವ ಕರೆಂಟ್ ಹೋಗಿಲ್ಲ, ಕೆಂಪು ಅಕ್ಷರದಾಗ ಎರರ್ ಏನೂ ಬಂದಿಲ್ಲ. ರೀಬೂಟ್ ಆದ ಮ್ಯಾಲ ಹಿಂಗ ಆಗ್ಯಾದ:

ವೈಫೈ: ಸೆಟ್ಟಿಂಗ್ಸ್‌ನಾಗ ಅಡಾಪ್ಟರ್ರೇ ಸಿಕ್ಕಿಲ್ಲ ಅಂತ ತೋರಸ್ತದ.
ಬೆಳಕು: ಪರದೆ ಪೂರಾ ಬೆಳಕಿನ್ಯಾಗ ನಿಂತದ. ಎಫ್‌ಎನ್ ಕೀಲಿ ಒತ್ತಿದ್ರ ಏನೂ ಆಗವಲ್ದು, ಮ್ಯಾಲಿನ ಮೆನುವಿನ್ಯಾಗ ಸ್ಲೈಡರ್ ಸುದ್ದಾ ಇಲ್ಲ.
ಪ್ರಿಂಟರ್: ಲೇಸರ್‌ಜೆಟ್ 1020 ಪ್ಲಸ್, ಯುಎಸ್‌ಬಿ. ಪ್ರಿಂಟ್ ಕೊಟ್ರ ಸಾಲಿನ್ಯಾಗ ಹೋಗಿ ಕುಂದರ್ತದ, ಕಾಗದ ಎಳೆಯವಲ್ದು.

ಲ್ಯಾಪ್‌ಟಾಪ್ ಇಂಟೆಲ್ 5ನೇ ತಲೆಮಾರಿನ ಐ3, 8 ಜಿಬಿ ರ‍್ಯಾಮ್. ಬ್ಯಾರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಕರ್ನೆಲ್ (ಸಿಸ್ಟಮ್ಮಿನ ತಿರುಳು) ಯಾವುದು ಅಂತ ಯುನೇಮ್ -ಆರ್ ಕೊಟ್ರ 6.8.0-64-ಜೆನೆರಿಕ್ ಅಂತದ. ಪಹಣಿ, ಅರ್ಜಿ, ಹಾಲ್ ಟಿಕೆಟ್ ಎಲ್ಲಾ ಇದರಾಗೇ ತೆಗಿತೀವಿ, ಹಿಂಗಾಗಿ ಲಗೂನ ದಾರಿ ಹೇಳ್ರಿ. ಹಾರ್ಡ್‌ವೇರ್ ಸುಟ್ಟದೇನು?

—

ಹೊಸ_ಹುರುಪು

ಡೇಟಾ ಪೆನ್‌ಡ್ರೈವಿಗೆ ಹಾಕ್ಕೊಂಡು ಎಲ್ಲಾ ಅಳಿಸಿ ಹೊಸದಾಗಿ ಹಾಕ್ರಿ ಅಣ್ಣಾ. ಒಂದು ತಾಸಿನ ಕೆಲಸ.

—

ಭೀಮಾ_ದಂಡೆ (ಯಾದಗಿರಿ)

ಅಳಿಸೋದು ಬೇಡ್ರಿ, ತಡೀರಿ. ಹೊಸದಾಗಿ ಹಾಕಿದರೆ ಬೆಳಕು ಬರಬಹುದು. ಆದರೆ ಇನ್‌ಸ್ಟಾಲ್ ಮಾಡುವಾಗ ಥರ್ಡ್ ಪಾರ್ಟಿ ಡ್ರೈವರ್ ಟಿಕ್ ಹಾಕೋದು ಮರೆತರೆ ವೈಫೈ ಆಗಲೂ ಬರೋದಿಲ್ಲ, ಪ್ರಿಂಟರ್ ಅಂತೂ ತಾನಾಗಿ ಬರೋದೇ ಇಲ್ಲ. ಯಾವುದು ಯಾಕೆ ಹೋಯಿತು ಅಂತ ಗೊತ್ತಾಗದೆ ಮುಂದಿನ ಸಲ ಮತ್ತೆ ಇದೇ ಗೋಳು.

ಒಂದೇ ಸಲಕ್ಕೆ ಮೂರು ವಸ್ತು ಸುಡೋದಿಲ್ಲ. ಮೊದಲು ಒಂದು ಪರೀಕ್ಷೆ ಮಾಡ್ರಿ, ಐದು ನಿಮಿಷ ಸಾಕು. ಮಷಿನ್ ಆನ್ ಮಾಡಿ, ಕಂಪನಿ ಲೋಗೋ ಹೋದ ತಕ್ಷಣ ಎಸ್ಕೇಪ್ ಕೀಲಿ ಒಂದೇ ಸಲ ತಟ್ರಿ. ಎರಡು ಮೂರು ಸಲ ತಟ್ಟಿದರೆ ಗ್ರಬ್‌ನ (ಅದು ಉಬುಂಟು ಬೂಟ್ ಮಾಡಿಸೋ ಪ್ರೋಗ್ರಾಂ) ಕಪ್ಪು ಕಮಾಂಡ್ ಸಾಲಿಗೆ ಹೋಗಿ ಬೀಳ್ತೀರಿ. ಹಾಗಾದರೆ ಎಕ್ಸಿಟ್ ಅಂತ ಟೈಪಿಸಿ ಎಂಟರ್ ಒತ್ರಿ. ಹಳೇ ಬಯಾಸ್ ರೀತಿಯಲ್ಲಿ ಬೂಟ್ ಆಗೋ ಮಷಿನ್ ಆದರೆ ಎಸ್ಕೇಪ್ ಬದಲು ಶಿಫ್ಟ್ ಹಿಡಿದುಕೊಳ್ರಿ. ಗ್ರಬ್ ಮೆನು ಬಂದಮೇಲೆ ಅಡ್ವಾನ್ಸ್‌ಡ್ ಆಪ್ಷನ್ಸ್ ಒಳಗೆ ಹೋದರೆ ಹಳೇ ಕರ್ನೆಲ್, ಬಹುಶಃ 5.15, ಇನ್ನೂ ಇರುತ್ತೆ. ಅದರಲ್ಲಿ ಬೂಟ್ ಮಾಡಿ ಮೂರರಲ್ಲಿ ಯಾವುದು ವಾಪಸ್ ಬಂತು ನೋಡ್ರಿ.

ಬಂದದ್ದು ಕರ್ನೆಲ್ ಕಡೆಯ ತೊಂದರೆ. ಬಾರದ್ದು ಮೇಲಿನ ಪದರದ್ದು, ಅಂದರೆ ಪ್ಯಾಕೇಜು, ಪ್ಲಗಿನ್ನು, ಸೆಟ್ಟಿಂಗು. ಹಳೇ ಕರ್ನೆಲ್ಲಿನ ಮೇಲೆ ಅಂಗಡಿಯನ್ನೂ ಎರಡು ದಿನ ನಡೆಸಬಹುದು. ಅದಕ್ಕೇ ಎಲ್ಲಾ ಸರಿಹೋಗೋ ತನಕ ಆಪ್ಟ್ ಆಟೋರಿಮೂವ್ (ಬೇಡಾದ ಪ್ಯಾಕೇಜ್ ತೆಗೆಯೋ ಕಮಾಂಡ್) ಕೊಡಬೇಡ್ರಿ, ಆ 5.15ನ್ನೇ ಗುಡಿಸಿ ಹಾಕಬಹುದು.

ಹೊಸ ಕರ್ನೆಲ್ಲಿನಲ್ಲಿ, ಅಂದರೆ 6.8ರಲ್ಲಿ ಬೂಟ್ ಆದಾಗ ಈ ನಾಲ್ಕರ ಉತ್ತರ ಇಲ್ಲಿ ಹಾಕ್ರಿ. (ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ, ಟರ್ಮಿನಲ್ಲಿನಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪಿಸ್ರಿ.)

ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ (ನೆಟ್‌ವರ್ಕ್ ಕಂಟ್ರೋಲರ್ ಇರೋ ಭಾಗ ಮಾತ್ರ ಸಾಕು)
ಡಿಕೆಎಂಎಸ್ ಸ್ಟೇಟಸ್
ಎಲ್‌ಎಸ್ /ಸಿಸ್/ಕ್ಲಾಸ್/ಬ್ಯಾಕ್‌ಲೈಟ್
ಕ್ಯಾಟ್ /ಪ್ರಾಕ್/ಸಿಎಂಡಿಲೈನ್

—

ಶಹಾಬಾದಿ_ಕಲ್ಲು (ಕಲಬುರಗಿ)

ನೀವು ಹೇಳಿದಂಗ ಮಾಡೀನ್ರಿ. 5.15ದಾಗ ವೈಫೈ ಬಂತು, ಬೆಳಕಿನ ಕೀಲಿನೂ ಬಂತು! ಪ್ರಿಂಟರ್ ಬರಲಿಲ್ಲ.

6.8ದಾಗ ಬಂದ ಉತ್ತರ:

ಎಲ್‌ಎಸ್‌ಪಿಸಿಐ: ಬ್ರಾಡ್‌ಕಾಮ್ ಬಿಸಿಎಂ43142, [14ಇ4:4365]. ಕೆಳಗ "ಕರ್ನೆಲ್ ಮಾಡ್ಯೂಲ್ಸ್: ಬಿಸಿಎಂಎ" ಅಂತ ಒಂದೇ ಸಾಲದ. "ಡ್ರೈವರ್ ಇನ್ ಯೂಸ್" ಅನ್ನೋ ಸಾಲೇ ಇಲ್ಲ.
ಡಿಕೆಎಂಎಸ್: ಬಿಸಿಎಂಡಬ್ಲ್ಯುಎಲ್/6.30.223.271+ಬಿಡಿಕಾಮ್, 5.15... ಇನ್‌ಸ್ಟಾಲ್ಡ್. ಇಷ್ಟೇ.
ಬ್ಯಾಕ್‌ಲೈಟ್ ಫೋಲ್ಡರ್ ಖಾಲಿ.
ಸಿಎಂಡಿಲೈನ್ ಕೊನೀಗೆ: ಕ್ವೈಟ್ ಸ್ಪ್ಲಾಶ್ ಎಸಿಪಿಐ_ಬ್ಯಾಕ್‌ಲೈಟ್=ವೆಂಡರ್

—

ಭೀಮಾ_ದಂಡೆ (ಯಾದಗಿರಿ)

ಎಲ್ಲಾ ಬಿಡಿಸಿಕೊಂಡಂತಾಯ್ತು. ಹಾರ್ಡ್‌ವೇರ್ ಯಾವುದೂ ಸುಟ್ಟಿಲ್ಲ. ಮೂರಕ್ಕೂ ಬೇರೆ ಬೇರೆ ಕಾರಣ ಇದಾವೆ, ಒಂದೊಂದಾಗಿ ಹೇಳ್ತೀನಿ.

ವೈಫೈ

ನಿಮ್ಮ ಚಿಪ್ಪಿಗೆ ಬೇಕಾದ ಡಬ್ಲ್ಯುಎಲ್ ಅನ್ನೋ ಡ್ರೈವರ್ ಲಿನಕ್ಸ್ ಕರ್ನೆಲ್ಲಿನ ಒಳಗೆ ಇಲ್ಲ. ಹೊರಗಿನಿಂದ ಬರೋ ಕೋಡು. ಪ್ರತಿ ಕರ್ನೆಲ್ಲಿಗೂ ನಿಮ್ಮ ಮಷಿನ್ನಿನಲ್ಲೇ ಹೊಸದಾಗಿ ಕಟ್ಟಿಕೊಳ್ಳಬೇಕು. ಆ ಕಟ್ಟೋ ಕೆಲಸ ಡಿಕೆಎಂಎಸ್‌ದು. ಕಟ್ಟೋದಕ್ಕೆ ಅದಕ್ಕೆ ಆಯಾ ಕರ್ನೆಲ್ಲಿನ ಹೆಡರ್ಸ್ ಫೈಲುಗಳು ಬೇಕೇ ಬೇಕು. ನಿಮ್ಮಲ್ಲಿ ಹಿಂದೆ ಯಾರೋ 5.15ರ ಹೆಡರ್ಸ್ ಒಂದನ್ನೇ ಕೈಯಿಂದ ಹಾಕಿದ್ದಾರೆ. ಪ್ರತಿ ಹೊಸ ಕರ್ನೆಲ್ ಜೊತೆ ತಾನೇ ಬರೋ ಮೆಟಾ ಪ್ಯಾಕೇಜ್ ಹಾಕಿಲ್ಲ. ಹಾಗಾಗಿ 6.8 ಬಂದಾಗ ಡಿಕೆಎಂಎಸ್ "ಹೆಡರ್ಸ್ ಇಲ್ಲ, ಈ ಕರ್ನೆಲ್ಲಿಗೆ ಕಟ್ಟೋದು ಬಿಟ್ಟಿದ್ದೇನೆ" ಅಂತ ಒಂದು ಸಾಲು ಬರೆದು ಮುಂದೆ ಹೋಗಿದೆ. ಅದು ಎರರ್ ಅಲ್ಲ, ಬರೀ ಸೂಚನೆ, ಅದಕ್ಕೇ ನಿಮಗೆ ಕೆಂಪು ಕಾಣಲಿಲ್ಲ. /ವಾರ್/ಲಾಗ್/ಡಿಸ್ಟ್-ಅಪ್‌ಗ್ರೇಡ್ ಒಳಗಿನ ಆಪ್ಟ್-ಟರ್ಮ್.ಲಾಗ್ ತೆಗೆದು "ಸ್ಕಿಪ್ಡ್" ಅಂತ ಹುಡುಕಿದರೆ ಆ ಸಾಲು ಸಿಗಬೇಕು.

ಇಂಟರ್ನೆಟ್ಟಿಗೆ ಫೋನನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ, ಹಾಟ್‌ಸ್ಪಾಟ್ ಸೆಟ್ಟಿಂಗಿನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡ್ರಿ. ಉಬುಂಟು ಅದನ್ನು ತಂತಿ ನೆಟ್‌ವರ್ಕ್ ಅಂತ ತಾನೇ ಹಿಡಿಯುತ್ತೆ. ಚಾರ್ಜಿಂಗಿಗೆ ಮಾತ್ರ ಬರೋ ಅಗ್ಗದ ಕೇಬಲ್ಲಿನಲ್ಲಿ ಡೇಟಾ ತಂತಿನೇ ಇರೋದಿಲ್ಲ. ಟೆದರಿಂಗ್ ಬಟನ್ ಮಸುಕಾಗೇ ಇದ್ದರೆ ಮೊದಲು ಕೇಬಲ್ ಬದಲಿಸ್ರಿ. 6.8ರಲ್ಲೇ ಬೂಟ್ ಆಗಿ:

ಸುಡೋ ಆಪ್ಟ್ ಅಪ್‌ಡೇಟ್
ಸುಡೋ ಆಪ್ಟ್ ಇನ್‌ಸ್ಟಾಲ್ ಲಿನಕ್ಸ್-ಹೆಡರ್ಸ್-$(ಯುನೇಮ್ -ಆರ್) ಲಿನಕ್ಸ್-ಹೆಡರ್ಸ್-ಜೆನೆರಿಕ್
ಸುಡೋ ಡಿಕೆಎಂಎಸ್ ಆಟೋಇನ್‌ಸ್ಟಾಲ್
ಡಿಕೆಎಂಎಸ್ ಸ್ಟೇಟಸ್

ಕೊನೆಯ ಕಮಾಂಡಿನಲ್ಲಿ ಈಗ 6.8ರ ಸಾಲೂ "ಇನ್‌ಸ್ಟಾಲ್ಡ್" ಅಂತ ಬರಬೇಕು. ಬಂದರೆ ಸುಡೋ ಮಾಡ್‌ಪ್ರೋಬ್ ಡಬ್ಲ್ಯುಎಲ್ ಕೊಡ್ರಿ, ರೀಬೂಟ್ ಇಲ್ಲದೇ ವೈಫೈ ಪಟ್ಟಿ ಕಾಣಬೇಕು. ಎರಡನೇ ಸಾಲಿನ ಕೊನೆಯ ಹೆಸರು, ಲಿನಕ್ಸ್-ಹೆಡರ್ಸ್-ಜೆನೆರಿಕ್, ಅದೇ ನಿಮ್ಮಲ್ಲಿ ಇರದಿದ್ದ ಮೆಟಾ ಪ್ಯಾಕೇಜ್. ಅದನ್ನು ಬಿಟ್ಟರೆ ಮುಂದಿನ ಸಣ್ಣ ಕರ್ನೆಲ್ ಅಪ್‌ಡೇಟಿಗೇ ವೈಫೈ ಮತ್ತೆ ಮಾಯ.

ಅಡ್ಡಿ ಬರೋ ಜಾಗ ಎರಡು. ಮಾಡ್‌ಪ್ರೋಬ್ ಕೊಟ್ಟಾಗ "ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್" ಅಂದರೆ ಡ್ರೈವರ್ ಕಟ್ಟಾಗಿದೆ, ಆದರೆ ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇಲ್ಲದ ಡ್ರೈವರ್ ತಡೆಯೋ ಬಯಾಸ್ ಸೆಟ್ಟಿಂಗ್) ಅದನ್ನು ಒಳಗೆ ಬಿಡ್ತಿಲ್ಲ. ಹತ್ತು ವರ್ಷದ ಲ್ಯಾಪ್‌ಟಾಪಿನಲ್ಲಿ ಬಯಾಸ್ ಸೆಲ್ ಸತ್ತು ಸೆಟ್ಟಿಂಗ್ಸ್ ಮೊದಲಿನ ಸ್ಥಿತಿಗೆ ಹೋದಾಗ ಹೀಗಾಗೋದುಂಟು. ಎಂಒಕೆಯುಟಿಲ್ --ಎಸ್‌ಬಿ-ಸ್ಟೇಟ್ ಕೊಟ್ಟು ನೋಡ್ರಿ. "ಎನೇಬಲ್ಡ್" ಅಂದರೆ

ಸುಡೋ ಎಂಒಕೆಯುಟಿಲ್ --ಇಂಪೋರ್ಟ್ /ವಾರ್/ಲಿಬ್/ಶಿಮ್-ಸೈನ್ಡ್/ಎಂಒಕೆ/ಎಂಒಕೆ.ಡಿಇಆರ್

ಅಂತ ಕೊಡ್ರಿ. ಎಂಒಕೆ ಅಂದರೆ ಡ್ರೈವರಿಗೆ ಸಹಿ ಹಾಕೋ ನಿಮ್ಮ ಮಷಿನ್ನಿನದೇ ಕೀ. ಕೊನೆಯ ಫೋಲ್ಡರ್ ಹೆಸರು ಸಣ್ಣಕ್ಷರ, ಫೈಲಿನ ಹೆಸರಿನ ಎಂಒಕೆ ಮೂರೂ ದೊಡ್ಡಕ್ಷರ, ಡಿಇಆರ್ ಮತ್ತೆ ಸಣ್ಣಕ್ಷರ. ಒಂದು ಪಾಸ್‌ವರ್ಡ್ ಕೇಳುತ್ತೆ, ಒಂದೇ ಸಲ ಬಳಸೋದು, ಚಿಕ್ಕದೇ ಇಡ್ರಿ. ರೀಬೂಟ್ ಆದಾಗ ನೀಲಿ ಪರದೆ ಬಂದು ಹತ್ತು ಸೆಕೆಂಡ್ ಎಣಿಸುತ್ತೆ. ಅಷ್ಟರೊಳಗೆ ಯಾವುದಾದರೂ ಕೀಲಿ ಒತ್ತಿ, ಎನ್‌ರೋಲ್ ಎಂಒಕೆ, ಕಂಟಿನ್ಯೂ, ಯೆಸ್, ಪಾಸ್‌ವರ್ಡ್, ರೀಬೂಟ್. ಚಹಾ ತರೋಕೆ ಎದ್ದು ಹೋದರೆ ಪರದೆ ತಾನೇ ದಾಟಿ ಹೋಗಿರುತ್ತೆ, ಇಂಪೋರ್ಟಿನಿಂದ ಮತ್ತೆ ಶುರು.

ಇನ್ನೊಂದು, "ಡ್ರೈವರ್ ಇನ್ ಯೂಸ್: ಬಿಸಿಎಂಎ-ಪಿಸಿಐ-ಬ್ರಿಡ್ಜ್" ಅಂತ ಬಂದರೆ ಬೇರೆ ಡ್ರೈವರ್ ಮೊದಲೇ ಬಂದು ಕಾರ್ಡ್ ಹಿಡಕೊಂಡಿದೆ ಅಂತ ಅರ್ಥ. ನಿಮಗೆ ಸದ್ಯ ಹಾಗಿಲ್ಲ. ಆದರೆ ಆಗ ಸುಡೋ ಆಪ್ಟ್ ಇನ್‌ಸ್ಟಾಲ್ --ರೀಇನ್‌ಸ್ಟಾಲ್ ಬಿಸಿಎಂಡಬ್ಲ್ಯುಎಲ್-ಕರ್ನೆಲ್-ಸೋರ್ಸ್ ಕೊಟ್ಟು ರೀಬೂಟ್ ಮಾಡಬೇಕು. ಆ ಪ್ಯಾಕೇಜೇ ಬಿಸಿಎಂಎ, ಬಿ43ಗಳನ್ನು ದೂರ ಇಡೋ ಬ್ಲ್ಯಾಕ್‌ಲಿಸ್ಟ್ ಫೈಲ್ ತರುತ್ತೆ.

ಯಾರಾದರೂ "ಎಚ್‌ಡಬ್ಲ್ಯುಇ ಕರ್ನೆಲ್ ಹಾಕು, ಇದಕ್ಕಿಂತ ಹೊಸದು" ಅಂದರೆ (ಹೊಸ ಹಾರ್ಡ್‌ವೇರಿಗಾಗಿ ಉಬುಂಟು ಕೊಡೋ ಹೊಸ ಕರ್ನೆಲ್ ಅದು) ಈ ಮಷಿನ್ನಿಗೆ ಕೇಳಬೇಡ್ರಿ. ಡಬ್ಲ್ಯುಎಲ್ ಕೋಡಿನ 6.30.223.271 ಆವೃತ್ತಿ 2015ರದ್ದು, ಆಮೇಲೆ ಹೊಸದು ಬಂದಿಲ್ಲ. ಕರ್ನೆಲ್ಲಿನ ಒಳಗಿನ ಫಂಕ್ಷನ್ನುಗಳು ಬದಲಾದ ಹಾಗೆಲ್ಲ ವಿತರಣೆಯವರು ಅದಕ್ಕೆ ತೇಪೆ ಹಚ್ಚುತ್ತಾ ಬಂದಿದ್ದಾರೆ. ತೇಪೆ ತಡವಾದರೆ ಡ್ರೈವರ್ ಕಟ್ಟೋದೇ ಇಲ್ಲ. ನಿಮ್ಮ 5ನೇ ತಲೆಮಾರಿನ ಐ3ಗೆ ಅದರಿಂದ ಸಿಗೋ ಹೊಸ ಲಾಭ ಏನೂ ಇಲ್ಲ. 24.04ರ ಮೂಲ ಕರ್ನೆಲ್ 6.8ಕ್ಕೇ 2029ರ ತನಕ ಭದ್ರತಾ ಅಪ್‌ಡೇಟ್ ಬರ್ತಾವೆ. ಲಿನಕ್ಸ್-ಜೆನೆರಿಕ್ ಮೇಲೆಯೇ ಇರ್ರಿ.

ಬೆಳಕು

ಇದಕ್ಕೆ ಕಾರಣ ಸಿಎಂಡಿಲೈನ್ ಕೊನೆಯಲ್ಲಿದೆ: ಎಸಿಪಿಐ_ಬ್ಯಾಕ್‌ಲೈಟ್=ವೆಂಡರ್. ಒಂದು ಕಾಲಕ್ಕೆ ಇದೇ ಲ್ಯಾಪ್‌ಟಾಪಿನಲ್ಲಿ ಬೆಳಕಿನ ಕೀಲಿ ಕೆಲಸ ಮಾಡದಿದ್ದಾಗ ಯಾರೋ ಹಾಕಿದ ಮದ್ದು. ಮದ್ದೇ ಈಗ ಬ್ಯಾನಿ. ಹಿಂದಿನ ಕರ್ನೆಲ್ಲುಗಳಲ್ಲಿ ಇಂಟೆಲ್ ಗ್ರಾಫಿಕ್ಸ್ ಡ್ರೈವರ್ ತನ್ನ ಬೆಳಕಿನ ಹಿಡಿಕೆ ಇಂಟೆಲ್_ಬ್ಯಾಕ್‌ಲೈಟನ್ನು ಈ ಸಾಲು ಇದ್ದರೂ ಇಡ್ತಿತ್ತು, ಮೇಲಿನ ಸಾಫ್ಟ್‌ವೇರ್ ಅದನ್ನು ಆರಿಸಿಕೊಳ್ತಿತ್ತು. ಕರ್ನೆಲ್ 6.1ರಿಂದ ಪದ್ಧತಿ ಬದಲಾಗಿದೆ: ಯಾವ ಹಿಡಿಕೆ ಬೇಕು ಅಂತ ಕರ್ನೆಲ್ಲೇ ತೀರ್ಮಾನಿಸಿ ಒಂದನ್ನೇ ಇಡುತ್ತೆ. ನೀವು "ವೆಂಡರ್" ಅಂದಿರೋದರಿಂದ ಇಂಟೆಲ್‌ದು ಹಿಂದೆ ಸರಿದಿದೆ. ಲ್ಯಾಪ್‌ಟಾಪ್ ಕಂಪನಿಯ ಡ್ರೈವರ್ ಅಂಥ ಹಿಡಿಕೆ ಕೊಡ್ತಾ ಇಲ್ಲ. ಅದಕ್ಕೇ ಫೋಲ್ಡರ್ ಖಾಲಿ, ಸ್ಲೈಡರ್ ಮಾಯ.

ಫೈಲ್ ತಿದ್ದೋ ಮೊದಲು ಒಮ್ಮೆ ಪರೀಕ್ಷೆ ಮಾಡ್ರಿ. ಗ್ರಬ್ ಮೆನುವಿನಲ್ಲಿ ಉಬುಂಟು ಸಾಲಿನ ಮೇಲೆ ನಿಂತು ಇ ಒತ್ರಿ. ಲಿನಕ್ಸ್ ಅಂತ ಶುರುವಾಗೋ ಉದ್ದನೆ ಸಾಲಿನಿಂದ ಆ ಪದವನ್ನು ಅಳಿಸಿ ಎಫ್10 ಒತ್ರಿ. ಈ ಬದಲಾವಣೆ ಒಂದೇ ಬೂಟಿಗೆ, ತಪ್ಪಾದರೂ ಹಾನಿ ಇಲ್ಲ. ಬೆಳಕು ಬಂದರೆ ಸುಡೋ ನ್ಯಾನೋ /ಇಟಿಸಿ/ಡೀಫಾಲ್ಟ್/ಗ್ರಬ್ ತೆಗೆದು, ಸಿಎಂಡಿಲೈನ್ ಲಿನಕ್ಸ್ ಡೀಫಾಲ್ಟ್ ಸಾಲಿನಲ್ಲಿ ಕ್ವೈಟ್ ಸ್ಪ್ಲಾಶ್ ಮಾತ್ರ ಉಳಿಸಿ, ಸುಡೋ ಅಪ್‌ಡೇಟ್-ಗ್ರಬ್ ಕೊಡ್ರಿ. ಅಪ್‌ಡೇಟ್-ಗ್ರಬ್ ಮರೆತರೆ ಫೈಲ್ ಬದಲಾಗಿರುತ್ತೆ, ಬೂಟ್ ಬದಲಾಗಿರೋದಿಲ್ಲ. ಆಮೇಲೆ ಬ್ಯಾಕ್‌ಲೈಟ್ ಫೋಲ್ಡರಿನಲ್ಲಿ ಇಂಟೆಲ್_ಬ್ಯಾಕ್‌ಲೈಟ್ ಕಾಣಬೇಕು.

ಹಾಗೇ /ಇಟಿಸಿ/ಮಾಡ್‌ಪ್ರೋಬ್.ಡಿ ಒಳಗೂ ಒಮ್ಮೆ ಇಣುಕ್ರಿ. ಅಪ್‌ಗ್ರೇಡ್ ನಿಮ್ಮ ಕೈಬರಹದ ಫೈಲುಗಳನ್ನು ಮುಟ್ಟೋದಿಲ್ಲ. ಒಳ್ಳೇದೂ ಉಳಿಯುತ್ತೆ, ಹಳಸಿದ್ದೂ ಉಳಿಯುತ್ತೆ.

ಪ್ರಿಂಟರಿನ ವಿಷಯ ಟರ್ಮಿನಲ್ ಕಾಕಾ ಹೇಳ್ತಾರೆ, ಅವರಿಗೆ ಆ ಮಾಡೆಲ್ ಬಾಯಿಪಾಠ.

—

ಟರ್ಮಿನಲ್_ಕಾಕಾ (ಕಲಬುರಗಿ)

1020 ಪ್ಲಸ್ ಅಂದ್ರ ಜಗತ್ ಸರ್ಕಲ್‌ನಿಂದ ಸೂಪರ್ ಮಾರ್ಕೆಟ್ ತನಕ ಅರ್ಧ ಅಂಗಡಿಯೊಳಗ ಅದ. ಗಟ್ಟಿ ಮಷಿನ್, ಆದ್ರ ತಲಿಯೊಳಗ ನೆನಪಿಲ್ಲ. ಫರ್ಮ್‌ವೇರ್ (ಪ್ರಿಂಟರ್ ನಡೆಸೋ ಒಳಗಿನ ಪ್ರೋಗ್ರಾಂ) ಪ್ರಿಂಟರಿನ್ಯಾಗ ಉಳಿಯಂಗಿಲ್ಲ. ಪ್ರತಿ ಸಲ ಆನ್ ಮಾಡಿದಾಗ ಕಂಪ್ಯೂಟರೇ ಕಳಿಸಬೇಕು. ಫರ್ಮ್‌ವೇರ್ ಹೋಗಲಿಲ್ಲ ಅಂದ್ರ ಪ್ರಿಂಟರ್ ಪ್ರಿಂಟ್ ಕೆಲಸ ತಗೊಂಡಂಗ ಮಾಡ್ತದ, ಕಾಗದ ಎಳೆಯಂಗಿಲ್ಲ. ನಿಮ್ಮದು ಅದೇ ಲಕ್ಷಣ.

ಆ ಫರ್ಮ್‌ವೇರ್ ಎಚ್‌ಪಿಲಿಪ್ (ಎಚ್‌ಪಿ ಪ್ರಿಂಟರಿನ ಲಿನಕ್ಸ್ ಡ್ರೈವರ್) ಜೋಡಿ ಬರಂಗಿಲ್ಲ, ಪ್ಲಗಿನ್ ಅಂತ ಬ್ಯಾರೆ ಇಳಿಸ್ಕೋಬೇಕು. ಪ್ಲಗಿನ್ನಿನ ಆವೃತ್ತಿ ಮತ್ತ ಎಚ್‌ಪಿಲಿಪ್ ಆವೃತ್ತಿ ಒಂದಕ್ಕೊಂದು ತಾಳೆ ಆಗಲೇಬೇಕು, ಒಂದು ಅಂಕಿ ಆಚೀಚೆ ಆದ್ರೂ ನಡಿಯಂಗಿಲ್ಲ. 22.04ದಾಗ ಎಚ್‌ಪಿಲಿಪ್ 3.21.12 ಇತ್ತು, 24.04ದಾಗ 3.23.12 ಅದ. ಎಚ್‌ಪಿಲಿಪ್ ಮ್ಯಾಲಕ್ಕ ಹೋಯ್ತು, ಪ್ಲಗಿನ್ ಕೆಳಗೇ ಕುಂತದ. ಖಾತ್ರಿ ಮಾಡ್ಕೊಳ್ಳಾಕ:

ಕ್ಯಾಟ್ /ವಾರ್/ಲಿಬ್/ಎಚ್‌ಪಿ/ಎಚ್‌ಪಿಲಿಪ್.ಸ್ಟೇಟ್

ಅದರಾಗ ಪ್ಲಗಿನ್ ಭಾಗದ ಕೆಳಗ ಆವೃತ್ತಿ 3.21.12 ಅಂತ ಕಂಡ್ರ ಇದೇ ಕಾರಣ. ದಾರಿ ಸರಳ ಅದ:

ಎಚ್‌ಪಿ-ಪ್ಲಗಿನ್ -ಐ

ಸುಡೋ ಹಾಕಬ್ಯಾಡ್ರಿ, ಪಾಸ್‌ವರ್ಡ್ ಅದೇ ಕೇಳ್ತದ. ಡಿ ಒತ್ತಿ ಡೌನ್‌ಲೋಡ್, ಆಮ್ಯಾಲ ವೈ ಒತ್ತಿ ಒಪ್ಪಿಗೆ. ಇಲ್ಲಿ ಒಂದು ತಕರಾರು ಆಗ್ತದ: ಸಹಿ ಪರೀಕ್ಷೆಗೆ ಅದು ಕೀ ಸರ್ವರಿಗೆ ಹೋಗ್ತದ, ಸರ್ವರ್ ಸಿಗದಿದ್ರ "ಡಿಜಿಟಲ್ ಸಿಗ್ನೇಚರ್" ಬಗ್ಗೆ ಕೇಳ್ತದ ಇಲ್ಲಾ ನಿಂತೇ ಹೋಗ್ತದ. ಆಗ ತಯಾರಕರ ಅಧಿಕೃತ ಪ್ಲಗಿನ್ ಪುಟದಿಂದ ಎಚ್‌ಪಿಲಿಪ್-3.23.12-ಪ್ಲಗಿನ್.ರನ್ ಫೈಲ್, ಮತ್ತ ಅದರ ಜೋಡಿ ಇರೋ .ಎಎಸ್‌ಸಿ ಫೈಲ್, ಎರಡೂ ಒಂದೇ ಫೋಲ್ಡರಿನ್ಯಾಗ ಇಳಿಸಿ, ಎಚ್‌ಪಿ-ಪ್ಲಗಿನ್ -ಪಿ ಕೊಟ್ಟು ಆ ಫೋಲ್ಡರಿನ ದಾರಿ ತೋರಸ್ರಿ. ಬ್ಯಾರೆ ಯಾವುದೋ ಜಾಲತಾಣದಿಂದ .ರನ್ ಇಳಿಸಬ್ಯಾಡ್ರಿ, ಅದು ರೂಟ್ ಅಧಿಕಾರದಾಗ ಓಡೋ ಫೈಲ್.

ಪ್ಲಗಿನ್ ಕುಂತ ಮ್ಯಾಲ ಪ್ರಿಂಟರ್ ಸ್ವಿಚ್ ಆಫ್ ಮಾಡಿ, ಹತ್ತು ಎಣಿಸಿ, ಆನ್ ಮಾಡ್ರಿ. ಫರ್ಮ್‌ವೇರ್ ಇಳಿದ್ರ ಒಳಗ ಗಾಲಿ ಒಮ್ಮಿ ತಿರುಗಿದ ಸಪ್ಪಳ ಬರ್ತದ. ಬರಲಿಲ್ಲ ಅಂದ್ರ ಎಚ್‌ಪಿ-ಫರ್ಮ್‌ವೇರ್ ಅಂತ ಕೈಯಿಂದ ಕಳಿಸಿ ನೋಡ್ರಿ. ಕೈಯಿಂದ ಹೋಗಿ ತಾನಾಗಿ ಹೋಗಲಿಲ್ಲ ಅಂದ್ರ ಯುಡೆವ್ (ಸಾಧನ ಚುಚ್ಚಿದಾಗ ಏನು ಮಾಡಬೇಕು ಅಂತ ಹೇಳೋದು) ನಿಯಮದ ಸಮಸ್ಯಾ. 56-ಎಚ್‌ಪಿಎಂಯುಡಿ.ರೂಲ್ಸ್ ಫೈಲ್ ಅದನೋ ಇಲ್ಲೋ ನೋಡಿ, ಇರದಿದ್ರ ಎಚ್‌ಪಿಲಿಪ್ ರೀಇನ್‌ಸ್ಟಾಲ್ ಮಾಡ್ರಿ. ಇದು ಸರಿ ಇಲ್ದಿದ್ರ ಕರೆಂಟ್ ಹೋಗಿ ಬಂದಾಗೆಲ್ಲ ಗಿರಾಕಿ ಮುಂದ ಟರ್ಮಿನಲ್ ತೆಗಿಬೇಕಾಗ್ತದ.

ಸಾಲಿನ್ಯಾಗ ನಿಂತ ಹಳೇ ಕೆಲಸ ಮೊದಲು ಕ್ಯಾನ್ಸಲ್ -ಎ ಕೊಟ್ಟು ತೆಗೀರಿ. ಇಲ್ಲಂದ್ರ ಪ್ರಿಂಟರ್ ಎಚ್ಚರ ಆದ ಕೂಡ್ಲೆ ನಿನ್ನೆ ರಾತ್ರಿಯಿಂದ ಕೊಟ್ಟಿದ್ದೆಲ್ಲಾ ಹೊರಗ ಬರ್ತದ, ರಿಮ್ಮೇ ಖಾಲಿ. ಪ್ರಿಂಟರ್ "ಪಾಜ್ಡ್" (ತಡೆದು ನಿಲ್ಲಿಸಿದ್ದು) ಅಂತ ತೋರಸ್ತಿದ್ರ ಸಿಯುಪಿಎಸ್‌ಎನೇಬಲ್ ಕೊಟ್ಟು ಪ್ರಿಂಟರಿನ ಹೆಸರು ಬರೀರಿ. ಹೆಸರು ಎಲ್‌ಪಿಸ್ಟ್ಯಾಟ್ -ಪಿ ಕೊಟ್ರ ಸಿಗ್ತದ.

ಫೂ2ಝಡ್‌ಜೆಎಸ್ ಅನ್ನೋ ಇನ್ನೊಂದು ಡ್ರೈವರ್ ಅದ, 1020ಕ್ಕ ಅದೂ ನಡೀತದ. ಆದ್ರ ಎರಡೂ ಒಟ್ಟಿಗೆ ಇಟ್ಕೋಬ್ಯಾಡ್ರಿ. ಪ್ರಿಂಟರ್ ಆನ್ ಆದಾಗ ಇಬ್ಬರೂ ಫರ್ಮ್‌ವೇರ್ ಕಳಿಸಾಕ ಹೋಗ್ತಾರ, ಒಂದಿನ ನಡೀತದ, ಒಂದಿನ ನಡಿಯಂಗಿಲ್ಲ. ಅಂಥ ತೊಂದ್ರಿ ಹಿಡಿಯೋದು ಭಾಳ ಕಠಿಣ.

—

ಬೀದರಿ_ಕುಸುರಿ (ಬೀದರ್)

ನಡುವ ಬಂದೀನಿ, ಸಿಟ್ಟಾಗಬ್ಯಾಡ್ರಿ. ನಂದು ಸುದ್ದಾ ಇದೇ 24.04, ಆದ್ರ ಇಂಟೆಲ್ 11ನೇ ತಲೆಮಾರಿನ ಹೊಸ ಲ್ಯಾಪ್‌ಟಾಪ್. ವೈಫೈ, ಬೆಳಕು ಎಲ್ಲಾ ಚಲೋ ಅದ. ಆವಾಜ್ ಇಲ್ಲ, ಸೆಟ್ಟಿಂಗ್ಸ್‌ನಾಗ "ಡಮ್ಮಿ ಔಟ್‌ಪುಟ್" ಅಂತ ಒಂದೇ ಅದ. ಇನ್ನೊಂದು, ಮುಚ್ಚಳ ಮುಚ್ಚಿ ಇಟ್ರ ರಾತ್ರಿ ಕಳೆಯೋದ್ರಾಗ ಬ್ಯಾಟರಿ ಅರ್ಧ ಖಾಲಿ. ಯಾರೋ ಮೆಮ್_ಸ್ಲೀಪ್_ಡೀಫಾಲ್ಟ್=ಡೀಪ್ ಹಾಕು ಅಂದ್ರು, ಹಾಕೀನಿ, ಫರಕ್ ಇಲ್ಲ.

—

ಭೀಮಾ_ದಂಡೆ (ಯಾದಗಿರಿ)

ಬೇರೆ ಎಳೆ ಶುರು ಮಾಡಿದ್ದರೆ ಚೆಂದ ಇತ್ತು, ಇರಲಿ.

ಆವಾಜ್: 11ನೇ ತಲೆಮಾರಿನ ಬಹಳ ಲ್ಯಾಪ್‌ಟಾಪುಗಳಲ್ಲಿ ಧ್ವನಿ ಚಿಪ್ಪಿನ ಮುಂದೆ ಒಂದು ಸಣ್ಣ ಡಿಎಸ್‌ಪಿ (ಧ್ವನಿ ಸಂಸ್ಕರಿಸೋ ಚಿಪ್ಪು) ಇರುತ್ತೆ, ಅದಕ್ಕೆ ಸೌಂಡ್ ಓಪನ್ ಫರ್ಮ್‌ವೇರ್ (ಎಸ್‌ಒಎಫ್) ಅನ್ನೋ ಫೈಲುಗಳು ಬೇಕು. ಈ ಕಮಾಂಡ್ ಕೊಡ್ರಿ:

ಸುಡೋ ಡಿಮೆಸ್ಗ್ | ಗ್ರೆಪ್ -ಐ ಎಸ್‌ಒಎಫ್

ಅದರಲ್ಲಿ ಎಸ್‌ಒಎಫ್-ಟಿಜಿಎಲ್.ಆರ್‌ಐ ಫೈಲಿನ ಮುಂದೆ "ಫೇಲ್ಡ್ ವಿತ್ ಎರರ್ -2" ಅಂತ ಬಂದರೆ ಸುಮ್ಮನೆ ಆ ಫೈಲ್ ಡಿಸ್ಕಿನಲ್ಲಿ ಇಲ್ಲ ಅಂತ ಅರ್ಥ, -2 ಅಂದರೆ ಅಷ್ಟೇ. ಸುಡೋ ಆಪ್ಟ್ ಇನ್‌ಸ್ಟಾಲ್ ಫರ್ಮ್‌ವೇರ್-ಎಸ್‌ಒಎಫ್-ಸೈನ್ಡ್ ಕೊಟ್ಟು, ಲ್ಯಾಪ್‌ಟಾಪ್ ಪೂರ್ತಿ ಆಫ್ ಮಾಡಿ ಆನ್ ಮಾಡ್ರಿ.

ಡಿಮೆಸ್ಗ್‌ನಲ್ಲಿ ಎಸ್‌ಒಎಫ್ ಹೆಸರೇ ಬರದಿದ್ದರೆ /ಇಟಿಸಿ/ಮಾಡ್‌ಪ್ರೋಬ್.ಡಿ ಒಳಗೆ "ಡಿಎಸ್‌ಪಿ_ಡ್ರೈವರ್" ಅಂತ ಹುಡುಕ್ರಿ. ಹಳೇ ಸಲಹೆ ಓದಿ ಎಸ್‌ಎನ್‌ಡಿ-ಇಂಟೆಲ್-ಡಿಎಸ್‌ಪಿಸಿಎಫ್‌ಜಿ ಡಿಎಸ್‌ಪಿ_ಡ್ರೈವರ್=1 ಅಂತ ಹಾಕಿದ್ದರೆ ಕರ್ನೆಲ್ ಹಳೇ ಎಚ್‌ಡಿಎ ದಾರಿ ಹಿಡಿಯುತ್ತೆ. ಕೆಲವು ಮಷಿನ್ನಿನಲ್ಲಿ ಅದರಿಂದ ಸ್ಪೀಕರ್ ಬರುತ್ತೆ, ಆದರೆ ಪರದೆ ಮೇಲಿನ ಡಿಜಿಟಲ್ ಮೈಕ್ ಹೋಗುತ್ತೆ. ಕೊನೆಯ ಉಪಾಯವಾಗಿ ಮಾತ್ರ ಇಟ್ಟುಕೊಳ್ಳೋ ಸಾಲು ಅದು. ಸದ್ಯಕ್ಕೆ ಆ ಸಾಲಿನ ಮುಂದೆ # ಹಾಕಿ ರೀಬೂಟ್ ಮಾಡ್ರಿ.

ಕರ್ನೆಲ್ ಕಡೆ ಎಲ್ಲಾ ಸರಿ ಇದೆ, ಎಪ್ಲೇ -ಎಲ್ (ಎಲ್ ಸಣ್ಣಕ್ಷರ) ಕಾರ್ಡ್ ತೋರಿಸ್ತಿದೆ, ಆದರೂ ಡಮ್ಮಿ ಅಂದರೆ ಮಾತ್ರ ಮೇಲಿನ ಪದರ ನೋಡಬೇಕು. 22.04ರಲ್ಲಿ ಧ್ವನಿ ಪಲ್ಸ್‌ಆಡಿಯೋ ಕೈಯಲ್ಲಿತ್ತು, 24.04ರಲ್ಲಿ ಪೈಪ್‌ವೈರ್ ಮತ್ತು ವೈರ್‌ಪ್ಲಂಬರ್ ಕೈಯಲ್ಲಿ. ಸಿಸ್ಟಮ್‌ಸಿಟಿಎಲ್ --ಯೂಸರ್ ರೀಸ್ಟಾರ್ಟ್ ವೈರ್‌ಪ್ಲಂಬರ್ ಪೈಪ್‌ವೈರ್ ಪೈಪ್‌ವೈರ್-ಪಲ್ಸ್ ಕೊಡ್ರಿ, ಸುಡೋ ಇಲ್ಲದೆ. ಆಗಲೂ ಇಲ್ಲವಾದರೆ ಹೋಮ್ ಒಳಗಿನ .ಲೋಕಲ್/ಸ್ಟೇಟ್/ವೈರ್‌ಪ್ಲಂಬರ್ ಫೋಲ್ಡರಿನ ಹೆಸರು ಬದಲಿಸಿ ಲಾಗೌಟ್ ಆಗಿ ಬರ್ರಿ. ಡಬ್ಲ್ಯುಪಿಸಿಟಿಎಲ್ ಸ್ಟೇಟಸ್‌ನಲ್ಲಿ ಸಿಂಕ್ಸ್ ಕೆಳಗೆ ನಿಮ್ಮ ಸ್ಪೀಕರ್ ಕಾಣಬೇಕು.

ಬ್ಯಾಟರಿ: ಕ್ಯಾಟ್ /ಸಿಸ್/ಪವರ್/ಮೆಮ್_ಸ್ಲೀಪ್ ಕೊಟ್ಟರೆ [ಎಸ್2ಐಡಲ್] (ಹಗುರ ನಿದ್ದೆ) ಒಂದೇ ಬಂದರೆ ನಿಮ್ಮ ಬಯಾಸ್ ಡೀಪ್ ನಿದ್ದೆಯನ್ನೇ ಕೊಡ್ತಿಲ್ಲ. ಇಲ್ಲದ್ದನ್ನು ಗ್ರಬ್ ಸಾಲಿನಿಂದ ತರೋಕೆ ಆಗೋದಿಲ್ಲ, ಆ ಸಾಲು ತೆಗೆದುಬಿಡ್ರಿ. ಬಯಾಸಿನಲ್ಲಿ ಸ್ಲೀಪ್ ಸ್ಟೇಟ್ ಅಂತ ಆಯ್ಕೆ ಇದ್ದು ಎಸ್3 (ಅದೇ ಡೀಪ್ ನಿದ್ದೆ) ಅಥವಾ ಲಿನಕ್ಸ್ ಅಂತ ಕೊಡೋ ಮಾಡೆಲ್ಲುಗಳೂ ಇದಾವೆ, ಮೊದಲು ಅಲ್ಲಿ ನೋಡ್ರಿ. ಇಲ್ಲದಿದ್ದರೆ ಎಸ್2ಐಡಲ್ ಒಳಗೇ ಪ್ರೊಸೆಸರ್ ಪೂರ್ತಿ ಮಲಗ್ತಾ ಇದೆಯೋ ಇಲ್ಲೋ ನೋಡಬೇಕು. ಹತ್ತು ನಿಮಿಷ ಮುಚ್ಚಳ ಮುಚ್ಚಿ ತೆಗೆದು:

ಸುಡೋ ಕ್ಯಾಟ್ /ಸಿಸ್/ಕರ್ನೆಲ್/ಡಿಬಗ್/ಪಿಎಂಸಿ_ಕೋರ್/ಎಸ್‌ಎಲ್‌ಪಿ_ಎಸ್0_ರೆಸಿಡೆನ್ಸಿ_ಯುಸೆಕ್

ಸಂಖ್ಯೆ ಸೊನ್ನೆಯಲ್ಲೇ ಇದ್ದರೆ ಯಾವುದೋ ಒಂದು ಸಾಧನ ಮಲಗೋಕೆ ಬಿಡ್ತಿಲ್ಲ. ಯುಎಸ್‌ಬಿಗೆ ಚುಚ್ಚಿದ್ದೆಲ್ಲ ತೆಗೆದು ಮತ್ತೆ ಅಳೀರಿ. ಬಯಾಸ್ ಅಪ್‌ಡೇಟ್ ಬಂದಿದ್ದರೆ ಎಫ್‌ಡಬ್ಲ್ಯುಯುಪಿಡಿಎಂಜಿಆರ್ ಗೆಟ್-ಅಪ್‌ಡೇಟ್ಸ್ ತೋರಿಸುತ್ತೆ. ನಿದ್ದೆಯ ತೊಂದರೆ ಎಷ್ಟೋ ಸಲ ಅಲ್ಲೇ ಬಗೆಹರಿಯುತ್ತೆ. ಚಾರ್ಜರ್ ಹಚ್ಚಿಕೊಂಡೇ ಮಾಡ್ರಿ.

ಟಿಎಲ್‌ಪಿ (ಬ್ಯಾಟರಿ ಉಳಿಸೋ ಸಾಫ್ಟ್‌ವೇರ್) ಹಾಕಿಕೊಂಡಿದ್ದೀರಾ? ಅದು ಮತ್ತು ಉಬುಂಟು ತಾನೇ ಕೊಡೋ ಪವರ್-ಪ್ರೊಫೈಲ್ಸ್-ಡೀಮನ್ ಎರಡೂ ಒಟ್ಟಿಗೆ ಇರಬಾರದು, ಒಂದು ಇಟ್ಟದ್ದನ್ನು ಇನ್ನೊಂದು ಬದಲಿಸುತ್ತೆ. ಒಂದನ್ನು ತೆಗೀರಿ.

—

ಶಹಾಬಾದಿ_ಕಲ್ಲು (ಕಲಬುರಗಿ)

ವೈಫೈ ಬಂತ್ರಿ! ಹೆಡರ್ಸ್ ಹಾಕಿ ಆಟೋಇನ್‌ಸ್ಟಾಲ್ ಕೊಟ್ಟ ಮ್ಯಾಲ 6.8ರ ಸಾಲು ಬಂತು, ಮಾಡ್‌ಪ್ರೋಬ್ ಕೊಟ್ಟ ಕೂಡ್ಲೆ ಪಟ್ಟಿ ಕಾಣಿಸ್ತು. ಲಾಗ್‌ನಾಗ "ಸ್ಕಿಪ್ಡ್" ಸಾಲೂ ಸಿಕ್ತು. ಗ್ರಬ್ ಸಾಲು ಅಳಿಸಿದ ಮ್ಯಾಲ ಬೆಳಕೂ ಬಂತು.

ಕಾಕಾ, ಪ್ಲಗಿನ್ ನೀವಂದಂಗ 3.21.12 ಇತ್ತು. ಎಚ್‌ಪಿ-ಪ್ಲಗಿನ್ ಸಹಿ ಹತ್ರಾನೇ ನಿಂತ್ಕೊಂತು, ಕೈಯಿಂದ ಇಳಿಸಿ -ಪಿ ಕೊಟ್ಟೆ, ಗಾಲಿ ಸಪ್ಪಳ ಬಂತು, ಪ್ರಿಂಟ್ ಬಂತು. ಕ್ಯಾನ್ಸಲ್ -ಎ ಕೊಡೋದು ಮರ್ತಿದ್ದೆ, ನಲವತ್ತು ಹಾಳಿ ಹೋದವು.

ಒಂದು ಪ್ರಶ್ನೆ: ಈ ವೈಫೈ ಕಾರ್ಡನ್ನೇ ಬದಲಿಸಿಬಿಟ್ರ ಡಿಕೆಎಂಎಸ್ ಉಸಾಬರಿನೇ ಇರಂಗಿಲ್ಲಲ್ಲ? ಯಾವುದು ತಗೋಬೇಕು?

—

ಟರ್ಮಿನಲ್_ಕಾಕಾ (ಕಲಬುರಗಿ)

ಹೌದು, ಇರಂಗಿಲ್ಲ. ಒಳಗಿನ ಕಾರ್ಡ್ ಬದಲಿಸೋ ಮೊದಲು ಮೂರು ಸಂಗತಿ ನೋಡ್ಕೋರಿ. ಒಳಗಿರೋದು ಎಂ.2 ಆಕಾರದ್ದೋ, ಅರ್ಧ ಮಿನಿ ಪಿಸಿಐ-ಇ ಆಕಾರದ್ದೋ, ಹಿಂದಿನ ಮುಚ್ಚಳ ತೆಗೆದ್ರ ಗೊತ್ತಾಗ್ತದ. ಎರಡನೇದು ಆಂಟೆನಾ ತಂತಿ ಎಷ್ಟವ: ನಿಮ್ಮ ಚಿಪ್ ಒಂದೇ ಆಂಟೆನಾದ್ದು, 2.4 ಗಿಗಾಹರ್ಟ್ಸ್ ಮಾತ್ರ ಹಿಡೀತದ, ಹಿಂಗಾಗಿ ಕೆಲವು ಲ್ಯಾಪ್‌ಟಾಪಿನ್ಯಾಗ ಒಂದೇ ತಂತಿ ಬಿಟ್ಟಿರ್ತಾರ. ಎರಡು ಆಂಟೆನಾದ ಕಾರ್ಡ್ ಹಾಕಿದ್ರ ಪೂರಾ ವೇಗ ಬರಂಗಿಲ್ಲ. ಮೂರನೇದು, ಕೆಲವು ಕಂಪನಿಯವ್ರು ತಮ್ಮ ಪಟ್ಟಿಯೊಳಗಿನ ಕಾರ್ಡ್ ಬಿಟ್ಟು ಬ್ಯಾರೆ ಹಾಕಿದ್ರ ಬಯಾಸಿನ್ಯಾಗೇ ತಡೀತಾರ. ಇವು ಮೂರೂ ದಾಟಿದ್ರ ಇಂಟೆಲ್ 7260 ನಡೀತದ, ಅದರ ಡ್ರೈವರ್ ಕರ್ನೆಲ್ ಒಳಗೇ ಅದ.

ಅಷ್ಟು ಬ್ಯಾಡ ಅಂದ್ರ ಯುಎಸ್‌ಬಿ ಡಾಂಗಲ್. ಮೀಡಿಯಾಟೆಕ್ ಎಂಟಿ7601ಯು ಚಿಪ್ಪಿಂದು ಅಗ್ಗ, ಚುಚ್ಚಿದ್ರ ಸಾಕು. 5 ಗಿಗಾಹರ್ಟ್ಸ್ ಬೇಕಂದ್ರ ಎಂಟಿ7612ಯು. ಡಬ್ಬಿ ಮ್ಯಾಲ "ಲಿನಕ್ಸ್ ಸಪೋರ್ಟ್" ಅಂತ ಬರೆದಿದ್ದನ್ನ ನಂಬಬ್ಯಾಡ್ರಿ, ಒಳಗ ಸಿಡಿ ಇಟ್ಟು ಡ್ರೈವರ್ ನೀವೇ ಕಟ್ಕೋರಿ ಅನ್ನೋದಕ್ಕೂ ಹಂಗೇ ಬರೀತಾರ. ಡಬ್ಬಿ ಮ್ಯಾಲ ಚಿಪ್ ಹೆಸರು ಇರಂಗೇ ಇಲ್ಲ, ಒಂದೇ ಮಾಡೆಲ್ ಹೆಸರಿನ್ಯಾಗ ವರ್ಷಕ್ಕೊಂದು ಚಿಪ್ ಹಾಕಿ ಮಾರ್ತಾರ. ಅದಕ್ಕ ಲ್ಯಾಪ್‌ಟಾಪ್ ಅಂಗಡಿಗೇ ಒಯ್ದು, ಚುಚ್ಚಿ, ಎಲ್‌ಎಸ್‌ಯುಎಸ್‌ಬಿ ಕೊಟ್ಟು ಚಿಪ್ ಹೆಸರು ನೋಡಿ, ಪಟ್ಟಿ ಬಂದ ಮ್ಯಾಲ ರೊಕ್ಕ ಕೊಡ್ರಿ.

—

ಬೀದರಿ_ಕುಸುರಿ (ಬೀದರ್)

ಎರರ್ -2 ಇತ್ತು. ಫರ್ಮ್‌ವೇರ್ ಹಾಕಿ ಆಫ್-ಆನ್ ಮಾಡ್ದೆ, ಆವಾಜ್ ಬಂತು, ಮೈಕೂ ಬಂತು. ಮೆಮ್_ಸ್ಲೀಪ್‌ನಾಗ ಎಸ್2ಐಡಲ್ ಒಂದೇ ಅದ, ಡೀಪ್ ಸಾಲು ತೆಗೆದೀನಿ. ಮೌಸಿನ ವೈರ್‌ಲೆಸ್ ರಿಸೀವರ್ ತೆಗೆದು ಹತ್ತು ನಿಮಿಷ ಮಲಗಿಸಿದ್ರ ಸಂಖ್ಯೆ ಏರಲಕತ್ತದ, ಚುಚ್ಚಿದ್ರ ಮತ್ತ ಸೊನ್ನೆ.

—

ಭೀಮಾ_ದಂಡೆ (ಯಾದಗಿರಿ)

ಹಾಗಾದರೆ ಕಳ್ಳ ಸಿಕ್ಕ. ಆ ರಿಸೀವರಿಗೆ ಮಷಿನ್ ಎಬ್ಬಿಸೋ ಅಧಿಕಾರ ಇದೆಯೋ ನೋಡ್ರಿ. /ಸಿಸ್/ಬಸ್/ಯುಎಸ್‌ಬಿ/ಡಿವೈಸಸ್ ಒಳಗೆ ಅದರ ಫೋಲ್ಡರ್ ಹುಡುಕಿ, ಪವರ್/ವೇಕಪ್ ಫೈಲಿನಲ್ಲಿ "ಎನೇಬಲ್ಡ್" ಇದ್ದರೆ "ಡಿಸೇಬಲ್ಡ್" ಅಂತ ಬರೆದು ಮತ್ತೆ ಅಳೀರಿ. ಅದರ ಪಕ್ಕದ ಪವರ್/ಕಂಟ್ರೋಲ್ ಫೈಲಿನಲ್ಲಿ "ಆನ್" ಅಂತಿದ್ದರೆ "ಆಟೋ" ಮಾಡಿಯೂ ನೋಡ್ರಿ. ಎರಡೂ ರೀಬೂಟ್ ತನಕ ಮಾತ್ರ ಇರ್ತಾವೆ. ಫಲ ಸಿಕ್ಕಿದ್ದು ಯಾವುದು ಅಂತ ಎಲ್‌ಎಸ್‌ಯುಎಸ್‌ಬಿ ಐಡಿ ಜೊತೆ ಇಲ್ಲಿ ಹಾಕ್ರಿ, ಖಾಯಂ ಮಾಡೋ ಯುಡೆವ್ ಸಾಲು ಬರೆದು ಕೊಡ್ತೀನಿ.